ಟಿಕ್ ಹಾಕದ ಚೌಕ: ಮುಂಬೈ, ಕನ್ನಡ ಮತ್ತು ‘ವಿಸ್ತರಣೆ’ಗಳ ಕಥೆ

2001ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿಯನ್ನು ಹೊರತಂದಾಗ ಅದರ ಸಿ.ಡಿ.ಯೊಳಗೆ ಕನ್ನಡ ಇತ್ತು. ಯೂನಿಕೋಡ್ ಕನ್ನಡ ಓದಲು ಬೇಕಾದ ಫಾಂಟು, ಅಕ್ಷರಕ್ಕೆ ಒತ್ತು ಕೂಡಿಸುವ ತಂತ್ರ, ಕೀಲಿಮಣೆಯ ವಿನ್ಯಾಸ ಎಲ್ಲವೂ ಇದ್ದವು. ಆದರೆ ಹೊಸ ಯಂತ್ರ ತಂದು, ಚಾಲೂ ಮಾಡಿ, ಕನ್ನಡದ ಒಂದು ಪುಟ ತೆರೆದರೆ ಸಾಮಾನ್ಯವಾಗಿ ಕಾಣುತ್ತಿದ್ದದ್ದು ಸಾಲು ಸಾಲು ಖಾಲಿ ಚೌಕಗಳು.

ಚೌಕ ಹೋಗಿ ಅಕ್ಷರ ಬರಬೇಕಾದರೆ ಒಂದು ದಾರಿ ಇತ್ತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಬೇಕು. ಅಲ್ಲಿ ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳು ಎಂಬ ಚಿತ್ರದ ಮೇಲೆ ಒತ್ತಿ, ಎರಡನೇ ಹಾಳೆಗೆ ದಾಟಬೇಕು. ಅಲ್ಲಿ ‘ಪೂರಕ ಭಾಷಾ ಬೆಂಬಲ’ ಎಂಬ ಅರ್ಥದ ತಲೆಬರಹದ ಕೆಳಗೆ ಎರಡು ಪುಟ್ಟ ಚೌಕಗಳು. ಮೊದಲನೆಯದರ ಮುಂದೆ, ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಬೇಕಾದ ಕಡತಗಳನ್ನು ಸ್ಥಾಪಿಸು ಎಂಬ ಸೂಚನೆ. ಉದಾಹರಣೆಗೆಂದು ಥಾಯ್ ಭಾಷೆಯ ಹೆಸರನ್ನು ಹಾಕಿದ್ದರು, ಕನ್ನಡದ ಹೆಸರು ಇರಲಿಲ್ಲ. ಆ ಚೌಕಕ್ಕೆ ಟಿಕ್ ಹಾಕಿದ ಮೇಲೆ ಯಂತ್ರ ಎಷ್ಟೋ ಸಲ ಮೂಲ ಸಿ.ಡಿ. ಕೇಳುತ್ತಿತ್ತು. ಅಂಧೇರಿಯಲ್ಲೋ ಡೊಂಬಿವಿಲಿಯಲ್ಲೋ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಸೈಬರ್ ಕೆಫೆಯಲ್ಲಿ ಕೂತವರ ಬಳಿ ಮೂಲ ಸಿ.ಡಿ. ಎಲ್ಲಿಂದ ಬರಬೇಕು? ಕೆಫೆಯವನು ಅದನ್ನು ಹುಡುಕುವ ಹೊತ್ತಿಗೆ ಗಂಟೆ ಮುಗಿಯುತ್ತಿತ್ತು.

ಈ ಸಣ್ಣ ಸಂಕಟದಲ್ಲಿ ಮುಂಬೈಗೇ ಸೇರಿದ ಒಂದು ವಿಚಿತ್ರವಿದೆ. ಆ ಸಿ.ಡಿ.ಯೊಳಗೆ ಅಡಗಿದ್ದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಅದರ ಟೈಪ್ ನಿರ್ದೇಶಕರು ರಘುನಾಥ ಕೃಷ್ಣ ಜೋಶಿ, ಜೊತೆಗೆ ಕೆಲಸ ಮಾಡಿದವರು ವಿನಯ್ ಸಾಯ್ನೇಕರ್. ಕಲಾವಲಯದಲ್ಲಿ ಆರ್.ಕೆ. ಜೋಶಿ ಎಂದೇ ಹೆಸರಾದ ಅವರು ಮುಂಬೈಯವರು. ಪೊವಾಯಿಯ ಐಐಟಿಯಲ್ಲಿ ಪಾಠ ಹೇಳಿ, ಆಮೇಲೆ ಜುಹುವಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದವರು. ಅಂದರೆ ಡೊಂಬಿವಿಲಿಯ ಕನ್ನಡಿಗನಿಗೆ ಕಾಣದೆ ಹೋದ ಅಕ್ಷರಗಳು ಅದೇ ಊರಿನ ಇನ್ನೊಂದು ಮೂಲೆಯವರ ಕೈಯಲ್ಲಿ ರೂಪಗೊಂಡಿದ್ದವು. ಅಕ್ಷರ ಇತ್ತು, ಓದುವವನೂ ಇದ್ದ. ನಡುವೆ ಟಿಕ್ ಹಾಕದ ಒಂದು ಚೌಕ ಇತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹಳಬರು ಹೇಳುತ್ತಿದ್ದದ್ದು ಇಂಥದ್ದಕ್ಕೇ.

ಕನ್ನಡ ತಂತ್ರಜ್ಞಾನದ ಚರಿತ್ರೆಯನ್ನು ಹೇಳುವಾಗ ಸಾಮಾನ್ಯವಾಗಿ ಯಾರು ಏನನ್ನು ಕಂಡುಹಿಡಿದರು ಎಂದು ಹೇಳುತ್ತೇವೆ. ಕಂಡುಹಿಡಿದದ್ದು ಯಾರಿಗೆ ತಾನಾಗಿ ದೊರೆಯಿತು, ಯಾರು ಅದನ್ನು ಹುಡುಕಿಕೊಂಡು ಹೋಗಬೇಕಾಯಿತು ಎಂಬುದೂ ಅಷ್ಟೇ ದೊಡ್ಡ ಚರಿತ್ರೆ. ಅದರ ಹಲವು ಅಧ್ಯಾಯಗಳು ಮುಂಬೈಯಲ್ಲಿ ನಡೆದಿವೆ.

ಮೊಳೆಗಳ ಪೆಟ್ಟಿಗೆ

ಪ್ರಕಾಶನದ ಯಾವುದೇ ವ್ಯವಸ್ಥೆಯನ್ನು ತೆಗೆದುಕೊಳ್ಳಿ, ಅದಕ್ಕೊಂದು ತಿರುಳು ಇರುತ್ತದೆ, ಮೇಲೆ ಜೋಡಿಸುವ ಭಾಗಗಳೂ ಇರುತ್ತವೆ. ಅಚ್ಚಿನ ಯಂತ್ರ ತಿರುಳಾದರೆ ಮೊಳೆಗಳ ಪೆಟ್ಟಿಗೆ ಜೋಡಣೆ. ಯುರೋಪಿನಿಂದ ಬಂದ ಅಚ್ಚುಯಂತ್ರಕ್ಕೆ ಯಾವ ಭಾಷೆಯೂ ಗೊತ್ತಿರಲಿಲ್ಲ, ಆದರೆ ಅದರ ಜೊತೆ ಬಂದ ಮೊಳೆಯ ಲೆಕ್ಕಾಚಾರ ರೋಮನ್ ಲಿಪಿಯದು. ಒಂದರ ಪಕ್ಕ ಒಂದು ನಿಲ್ಲುವ ಇಪ್ಪತ್ತಾರು ಅಕ್ಷರಗಳಿಗೆ ಸರಿಹೋಗುವ ಲೆಕ್ಕ ಅದು. ಮೇಲೆ ಗುಣಿತ, ಕೆಳಗೆ ಒತ್ತು ಬರುವ ನಮ್ಮ ಲಿಪಿಗಳಿಗೆ ಅದು ಒಗ್ಗುತ್ತಿರಲಿಲ್ಲ.

ಮುಂಬೈಯ ಅಮೆರಿಕನ್ ಮಿಷನ್ ಪ್ರೆಸ್ಸಿನಲ್ಲಿ ಥಾಮಸ್ ಗ್ರಹಾಂ ಎಂಬವರು 1830ರ ದಶಕದಿಂದ ದೇವನಾಗರಿ ಮೊಳೆಗಳನ್ನು ತಿದ್ದುತ್ತ ಬಂದರು. ಅದೇ ಅಚ್ಚುಕೂಟದಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದ ಜಾವಜಿ ದಾದಾಜಿ 1864ರಲ್ಲಿ ತನ್ನದೇ ಮೊಳೆ ಎರಕದ ಕಾರ್ಖಾನೆ ಹಾಕಿದರು, 1869ರಲ್ಲಿ ನಿರ್ಣಯಸಾಗರ ಮುದ್ರಣಾಲಯ ಶುರು ಮಾಡಿದರು. ಸಂಸ್ಕೃತ ಓದಿದ ಕನ್ನಡದ ಹಳೆಯ ಮನೆಗಳಲ್ಲಿ ಇವತ್ತೂ ಸಿಗುವ ನಿರ್ಣಯಸಾಗರದ ಪುಸ್ತಕಗಳು ಅಲ್ಲಿಂದ ಬಂದವು. ಮುಂಬೈಯಲ್ಲಿ ‘ಡಿಗ್ರಿ’ ಎಂದು ಕರೆಯುತ್ತಿದ್ದ ಜೋಡಣೆಯ ಪದ್ಧತಿ ಒಂದಿತ್ತು. ಸಾಲನ್ನು ಮೇಲು, ನಡು, ಕೆಳಗು ಎಂದು ಮೂರು ಸ್ತರ ಮಾಡಿ, ನಡುವೆ ಅಕ್ಷರ, ಮೇಲೂ ಕೆಳಗೂ ಮಾತ್ರೆಗಳ ಪುಟ್ಟ ಮೊಳೆಗಳನ್ನು ಜೋಡಿಸುವುದು. ಒಂದೊಂದು ಗುಣಿತಾಕ್ಷರಕ್ಕೂ ಬೇರೆ ಬೇರೆ ಮೊಳೆ ಎರಕ ಹೊಯ್ಯುವ ಹೊರೆಯನ್ನು ಇದು ಇಳಿಸಿತು. ಬದಲಿಗೆ ಜೋಡಿಸುವವನ ಕೈಗೆ ಕೆಲಸ ಜಾಸ್ತಿ ಬಿತ್ತು. ಹೊರೆ ಕರಗಲಿಲ್ಲ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಯಿತು.

ಕನ್ನಡಕ್ಕೂ ಅದೇ ಪಾಡು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಮರುವರ್ಷ ಸೀಸದ ಮೊಳೆಗಳಲ್ಲಿ ಅಚ್ಚಾಗಲೆಂದು ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಓದುಗರು ಕರಾವಳಿಯಲ್ಲಿದ್ದರೂ ಪತ್ರಿಕೆ ಮೊಳೆಗಳಿದ್ದಲ್ಲಿಗೆ ಹೋಗಬೇಕಾಯಿತು. ಜೋಡಣೆಯ ಭಾಗ ಎಲ್ಲಿದೆಯೋ ಅಲ್ಲಿಗೆ ಭಾಷೆ ನಡೆದುಹೋಗಬೇಕು ಎಂಬ ನಿಯಮ ಅಂದೇ ಶುರುವಾಗಿತ್ತು.

ಒಂದು ಕೀಲಿಯ ಉಪಾಯ

ಮುಂದಿನ ಅಧ್ಯಾಯ ಎಪ್ಪತ್ತರ ದಶಕದ ಮುಂಬೈಯದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಿಂದ ಬಂದ ಕೆ.ಪಿ. ರಾವ್ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದರು. ಸೀಸದ ಮೊಳೆಯ ಕಾಲ ಮುಗಿದು ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊಟೈಪ್‌ಸೆಟ್ಟಿಂಗ್ ಯಂತ್ರಗಳು ಬರುತ್ತಿದ್ದ ದಿನಗಳವು. ಆ ಯಂತ್ರಗಳೂ ಇಂಗ್ಲಿಷಿಗೆಂದೇ ಮಾಡಿದವು. ಅವುಗಳಲ್ಲಿ ಭಾರತೀಯ ಭಾಷೆ ಜೋಡಿಸುವುದು ಹೇಗೆ ಎಂಬುದು ಕೆ.ಪಿ. ರಾವ್ ಅವರನ್ನು ಕಾಡಿದ ಪ್ರಶ್ನೆ.

ಅವರು ಕಂಡುಕೊಂಡ ದಾರಿ ಇವತ್ತು ನುಡಿ ತಂತ್ರಾಂಶ ಬಳಸುವ ಪ್ರತಿಯೊಬ್ಬರ ಬೆರಳಿಗೂ ಗೊತ್ತು. ಟೈಪ್‌ರೈಟರಿನಲ್ಲಿ ಅಕ್ಷರದ ಚೂರುಗಳನ್ನು ಒತ್ತುತ್ತಿದ್ದರು: ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೆ.ಪಿ. ರಾವ್ ಕಣ್ಣಿಗೆ ಕಾಣುವ ಚೂರುಗಳನ್ನು ಬಿಟ್ಟು ಕಿವಿಗೆ ಕೇಳುವ ಧ್ವನಿಗಳನ್ನು ಹಿಡಿದರು. ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಜಿ’ಗೆ ಗ, ಶಿಫ್ಟಿಗೆ ಘ. ವ್ಯಂಜನಕ್ಕೆ ವ್ಯಂಜನ ಕೂಡಿಸಲು ‘ಎಫ್’ ಎಂಬ ಒಂದೇ ಕೀಲಿ. ‘ಸ್ತ್ರೀ’ ಬೇಕಾದರೆ ಸ, ಕೂಡಿಸು, ತ, ಕೂಡಿಸು, ರ, ದೀರ್ಘ ಈ. ಆಡುವ ಕ್ರಮದಲ್ಲೇ ಬೆರಳು ಹೋಗುತ್ತದೆ, ಒತ್ತು ಎಲ್ಲಿ ಕೂರಬೇಕು ಎಂಬುದನ್ನು ಯಂತ್ರ ನೋಡಿಕೊಳ್ಳುತ್ತದೆ. ಶಬ್ದಮಣಿದರ್ಪಣ ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಕ್ಷರ ಎಂದರೆ ಮೊದಲು ಧ್ವನಿ, ಆಮೇಲೆ ಆಕಾರ ಎಂದು ನಮ್ಮ ವ್ಯಾಕರಣ ಮೊದಲಿನಿಂದ ನಂಬಿದೆ. ಆ ನಂಬಿಕೆ ಇಪ್ಪತ್ತಾರು ಕೀಲಿಗಳಲ್ಲಿ ಹಿಡಿಯಿತು.

ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆ ಇದೇ. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಅದನ್ನು ಕಗಪ ಎಂದೂ ಕರೆದರು, ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿಗಳಿಗೆ ಹೋಯಿತು. ಆದರೆ ಅದು ಕರ್ನಾಟಕದ ಮಾತು. ಮುಂಬೈಯಲ್ಲಿ ಅಂಗಡಿಯಿಂದ ಬಂದ ಕಂಪ್ಯೂಟರಿನಲ್ಲಿ ಅದು ತಾನಾಗಿ ಇರುತ್ತಿರಲಿಲ್ಲ. ತಂದು ಹಾಕಬೇಕು, ಹಾಕಲು ಗೊತ್ತಿರುವವರು ಬೇಕು.

ಜುಹುವಿನಲ್ಲಿ ಅಕ್ಷರ ಕಲಿತ ಯಂತ್ರ

ಜುಹುವಿನ ಗುಲ್‌ಮೊಹರ್ ರಸ್ತೆಯ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ, ಟಾಟಾ ಸಂಶೋಧನಾ ಸಂಸ್ಥೆಯಿಂದ ಕವಲೊಡೆದು 1985ರಲ್ಲಿ ಹುಟ್ಟಿದ್ದು. ಭಾರತ ಹೊರಜಗತ್ತಿನೊಂದಿಗೆ ಇ-ಮೇಲ್ ಮೂಲಕ ಮಾತಾಡಲು ಶುರು ಮಾಡಿದ ಮೊದಲ ಬಾಗಿಲುಗಳಲ್ಲಿ ಅದೂ ಒಂದು. ಐಐಟಿಯಲ್ಲಿ 1983ರಿಂದ 1996ರವರೆಗೆ ಕಲಿಸಿದ ಆರ್.ಕೆ. ಜೋಶಿ ಆಮೇಲೆ ಈ ಸಂಸ್ಥೆಯಲ್ಲಿ ಭಾರತೀಯ ಲಿಪಿಗಳ ಕೆಲಸ ಮುಂದುವರಿಸಿದರು. ಅವರು ಕವಿ, ಜಾಹೀರಾತು ಲೋಕದಲ್ಲಿ ಪಳಗಿದವರು, ಕುಂಚ ಹಿಡಿದರೆ ಅಕ್ಷರವನ್ನು ಕುಣಿಸುವವರು. ಭಾರತದ ಎಲ್ಲ ಲಿಪಿಗಳಿಗೂ ಒಪ್ಪುವ ‘ದೇಶನಾಗರಿ’ ಎಂಬ ಸಮಾನ ಲಿಪಿಯ ಯೋಚನೆಯನ್ನೂ ಮಾಡಿದ್ದರು. 1936ರಲ್ಲಿ ಹುಟ್ಟಿದ ಅವರು 2008ರಲ್ಲಿ ತೀರಿಕೊಂಡರು.

ಫಾಂಟ್ ಎಂದರೆ ಬರೀ ಚಿತ್ರಗಳ ಕಟ್ಟು ಅಲ್ಲ ಎಂಬುದು ಓಪನ್‌ಟೈಪ್ ತಂತ್ರ ಬಂದ ಮೇಲೆ ಸ್ಪಷ್ಟವಾಯಿತು. ಯೂನಿಕೋಡ್ ಕೋಷ್ಟಕದಲ್ಲಿ ಕನ್ನಡಕ್ಕೆ ಇರುವುದು 128 ಮನೆಗಳು, ಎಲ್ಲವೂ ತುಂಬಿಲ್ಲ. ಒತ್ತಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಮನೆ ಇಲ್ಲ. ‘ಕ್ಷ’ ಎಂದರೆ ಕ, ಅರ್ಧಸೂಚಕ, ಷ ಎಂಬ ಮೂರು ಸಂಕೇತಗಳ ಸಾಲು ಅಷ್ಟೇ. ಆ ಸಾಲು ಬಂದಾಗ ಯಾವ ಆಕಾರ ತೋರಿಸಬೇಕು, ಅರ್ಕಾವೊತ್ತು ಯಾವ ಕಡೆ ಹೋಗಬೇಕು, ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದರೆ ಏನು ಮಾಡಬೇಕು ಎಂಬ ನಿಯಮಗಳನ್ನು ಫಾಂಟಿನೊಳಗೇ ಬರೆದಿಟ್ಟಿರಬೇಕು. ಆ ನಿಯಮ ಓದಿ ನಡೆಸುವ ಇನ್ನೊಂದು ತಂತ್ರ ಕಂಪ್ಯೂಟರಿನಲ್ಲಿರಬೇಕು. ವಿಂಡೋಸ್‌ನಲ್ಲಿ ಆ ಕೆಲಸ ಯೂನಿಸ್ಕ್ರೈಬ್‌ನದು. ಲಿನಕ್ಸ್‌ನಲ್ಲಿ ಅದನ್ನು ಸಾಧ್ಯ ಮಾಡಲು ಜುಹುವಿನ ಇದೇ ಸಂಸ್ಥೆ ‘ಇಂಡಿಕ್ಸ್’ ಎಂಬ ಯೋಜನೆ ನಡೆಸಿತು.

ಹೀಗೆ ಒಂದು ಕನ್ನಡ ಪದ ಪರದೆಗೆ ಬರಬೇಕಾದರೆ ಫಾಂಟು, ಆಕಾರ ಕೂಡಿಸುವ ತಂತ್ರ, ಬೆರಳಚ್ಚಿನ ವಿಧಾನ ಮೂರೂ ಒಟ್ಟಿಗೆ ಚಾಲೂ ಇರಬೇಕು. ಫಾಂಟು ಇಲ್ಲದಿದ್ದರೆ ಖಾಲಿ ಚೌಕ. ಫಾಂಟು ಇದ್ದು ಆಕಾರ ಕೂಡಿಸುವ ತಂತ್ರ ಇಲ್ಲದಿದ್ದರೆ ಒತ್ತುಗಳೆಲ್ಲ ಬಿಚ್ಚಿಹೋದ, ಮಾತ್ರೆಗಳು ದಿಕ್ಕೆಟ್ಟ ಪಠ್ಯ. ಇಂಗ್ಲಿಷಿಗೆ ಇವು ಮೂರೂ ತಿರುಳಿನೊಳಗೇ ಇದ್ದವು. ಕನ್ನಡಕ್ಕೆ ‘ಪೂರಕ’.

ಅದಕ್ಕೂ ಮುಂಚಿನ, ಯೂನಿಕೋಡ್ ಹರಡುವ ಮೊದಲಿನ ಕಾಲ ಇನ್ನೂ ಕಷ್ಟದ್ದು. ಒಂದೊಂದು ತಂತ್ರಾಂಶಕ್ಕೂ ಅದರದೇ ಫಾಂಟು, ಅದರದೇ ಸಂಕೇತ. ಪುಣೆಯ ಶ್ರೀಲಿಪಿಯಲ್ಲಿ ಬರೆದದ್ದನ್ನು ಬೇರೆ ತಂತ್ರಾಂಶದಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಸ. ಊರಿನ ಸುದ್ದಿ ಓದಲು ಕನ್ನಡ ಪತ್ರಿಕೆಗಳ ಜಾಲತಾಣಕ್ಕೆ ಹೋದ ಹೊರನಾಡ ಕನ್ನಡಿಗ ಮೊದಲು ಆಯಾ ಪತ್ರಿಕೆಯ ಫಾಂಟನ್ನು ಇಳಿಸಿಕೊಳ್ಳಬೇಕಿತ್ತು. ಪುಟದ ಜೊತೆಗೇ ಫಾಂಟನ್ನೂ ಕಳಿಸುವ ಉಪಾಯ 1997ರ ಹೊತ್ತಿಗೇ ಹುಟ್ಟಿತ್ತು. ನೆಟ್‌ಸ್ಕೇಪ್‌ಗೆ ಒಂದು ಬಗೆ, ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಇನ್ನೊಂದು ಬಗೆ. ಎರಡೂ ಒಂದಕ್ಕೊಂದು ಹೊಂದದೆ ಅದು ನೆಲೆ ನಿಲ್ಲಲಿಲ್ಲ. 2008–09ರ ಹೊತ್ತಿಗೆ ಸಫಾರಿ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಸಾಮಾನ್ಯ ಫಾಂಟ್ ಕಡತಗಳನ್ನೇ ಜಾಲದಿಂದ ತರಿಸಿಕೊಳ್ಳಲು ಕಲಿತ ಮೇಲೆ ಆ ಉಪಾಯಕ್ಕೆ ಮತ್ತೆ ಜೀವ ಬಂತು.

ರಾಜಾಬಾಯಿ ಗೋಪುರದ ಪಕ್ಕದಲ್ಲಿ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಅದರ ಹಿಂದಿನ ತಂತ್ರಾಂಶದ ಹೆಸರು ಮೀಡಿಯಾವಿಕಿ. ಜಾಲದಲ್ಲಿ ಬರೆದು ಪ್ರಕಟಿಸುವ ಇಂಥ ವ್ಯವಸ್ಥೆಗಳು ಆ ವರ್ಷಗಳಲ್ಲಿ ಒಂದೊಂದಾಗಿ ಬಂದವು. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ 2004ರಲ್ಲಿ ಪ್ಲಗಿನ್‌ಗಳಿಗೆ ಬಾಗಿಲು ತೆರೆಯಿತು. ಇವೆಲ್ಲದರ ಕಟ್ಟೋಣ ಹೆಚ್ಚುಕಡಿಮೆ ಒಂದೇ: ತಿರುಳನ್ನು ಚಿಕ್ಕದಾಗಿಟ್ಟು, ಅಲ್ಲಲ್ಲಿ ಕೊಕ್ಕೆಗಳನ್ನು ಬಿಟ್ಟಿರುತ್ತಾರೆ. ಪುಟ ತೆರೆಯುವಾಗ ಒಂದು ಕೊಕ್ಕೆ, ಉಳಿಸುವಾಗ ಒಂದು ಕೊಕ್ಕೆ. ಹೊರಗಿನವರು ಬರೆದ ವಿಸ್ತರಣೆಗಳು ಆ ಕೊಕ್ಕೆಗಳಿಗೆ ತಗಲಿಕೊಂಡು ಕೆಲಸ ಮಾಡುತ್ತವೆ. ತಿರುಳಿಗೆ ಕೈ ಹಾಕುವುದು ಬೇಡ.

ವ್ಯತ್ಯಾಸ ಇರುವುದು ಅವನ್ನು ಚಾಲೂ ಮಾಡುವ ಕ್ರಮದಲ್ಲಿ. ವರ್ಡ್‌ಪ್ರೆಸ್‌ನಲ್ಲಿ ತಾಣದ ಒಡೆಯ ಒಳಗೆ ಹೋಗಿ ಗುಂಡಿ ಒತ್ತಿದರೆ ಸಾಕು. ಮೀಡಿಯಾವಿಕಿಯಲ್ಲಿ ಸರ್ವರಿನೊಳಗಿನ ‘ಲೋಕಲ್‌ಸೆಟಿಂಗ್ಸ್’ ಎಂಬ ಕಡತದಲ್ಲಿ ಒಂದು ಸಾಲು ಬರೆದು ವಿಸ್ತರಣೆಯನ್ನು ಕರೆಯಬೇಕು. ಅದರ ಕೆಳಗೆ ಇನ್ನೊಂದೆರಡು ಸಾಲುಗಳಲ್ಲಿ ಅದು ಹೇಗೆ ನಡೆದುಕೊಳ್ಳಬೇಕು ಎಂದು ಹೇಳಬೇಕು. ಸ್ವಂತ ವಿಕಿ ಇಟ್ಟುಕೊಂಡವರಿಗೆ ಇದು ಐದು ನಿಮಿಷದ ಕೆಲಸ. ಆದರೆ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರ ಕೈಗೆ ಆ ಕಡತ ಸಿಗುವುದಿಲ್ಲ, ಅದು ವಿಕಿಮೀಡಿಯ ಪ್ರತಿಷ್ಠಾನದ ಸರ್ವರುಗಳಲ್ಲಿದೆ. ಸಮುದಾಯದಲ್ಲಿ ಚರ್ಚಿಸಿ, ಒಮ್ಮತಕ್ಕೆ ಬಂದು, ತಂತ್ರಜ್ಞರಿಗೆ ಬೇಡಿಕೆ ಸಲ್ಲಿಸಿ, ಅವರು ಬದಲಾಯಿಸುವವರೆಗೆ ಕಾಯಬೇಕು.

2011ರ ನವೆಂಬರ್ 18ರಿಂದ 20ರವರೆಗೆ ಮುಂಬೈ ವಿಶ್ವವಿದ್ಯಾಲಯದ ಫೋರ್ಟ್ ಆವರಣದಲ್ಲಿ ಭಾರತದ ಮೊದಲ ವಿಕಿ ಸಮ್ಮೇಳನ ನಡೆಯಿತು. ಹೊರಗೆ ರಾಜಾಬಾಯಿ ಗೋಪುರ, ಒಳಗೆ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲಿ ಕೂತು ವಿನ್ಯಾಸ ಮಾಡಿದ ಘಟಿಕೋತ್ಸವ ಭವನ. ವಿಕಿಪೀಡಿಯದ ಸ್ಥಾಪಕ ಜಿಮ್ಮಿ ವೇಲ್ಸ್ ಬಂದಿದ್ದರು. ಸಮ್ಮೇಳನದ ಜೊತೆಜೊತೆಗೇ ತಂತ್ರಜ್ಞರ ಹ್ಯಾಕಥಾನ್ ಕೂಡ ನಡೆಯಿತು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವುದು, ಅಕ್ಷರ ಕಾಣಿಸುವುದು ಹೇಗೆ ಎಂಬುದು ಅಲ್ಲಿನ ಕೆಲಸಗಳಲ್ಲಿ ಮುಖ್ಯವಾದದ್ದು.

ಎರಡು ವಿಸ್ತರಣೆಗಳು ಆಗ ಹದಕ್ಕೆ ಬರುತ್ತಿದ್ದವು. ಒಂದರ ಹೆಸರು ‘ನಾರಾಯಂ’. ಮಲಯಾಳಂ ವಿಕಿಯ ಸ್ವಯಂಸೇವಕ ಜುನೈದ್ ಅದರ ಕೆಲಸ ಶುರು ಮಾಡಿದವರು. ನಾರಾಯಂ ಎಂದರೆ ಮಲಯಾಳದಲ್ಲಿ ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ, ಕನ್ನಡದ ಓಲೆಗರಿಯವರು ಕಂಟ ಎನ್ನುತ್ತಿದ್ದದ್ದು. ಬರೆಯುವವನ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇಲ್ಲದಿದ್ದರೂ ಪುಟದೊಳಗೇ ಕನ್ನಡ ಟೈಪಿಸುವಂತೆ ಮಾಡುವುದು ಅದರ ಕೆಲಸ. ಇನ್ನೊಂದು ‘ವೆಬ್‌ಫಾಂಟ್ಸ್’. ಸಂತೋಷ್ ತೋಟ್ಟಿಂಗಲ್ ಅದರ ಮುಖ್ಯ ಕರ್ತೃ. ಓದುಗನ ಯಂತ್ರದಲ್ಲಿ ಫಾಂಟು ಇಲ್ಲದಿದ್ದರೆ ಪುಟದ ಜೊತೆಗೇ ಅದನ್ನು ಕಳಿಸಿಕೊಡುತ್ತದೆ. ಸಮ್ಮೇಳನ ಮುಗಿದ ಮುಂದಿನ ತಿಂಗಳೇ, 2011ರ ಡಿಸೆಂಬರಿನಲ್ಲಿ, ವೆಬ್‌ಫಾಂಟ್ಸ್ ಭಾರತೀಯ ಭಾಷೆಗಳ ವಿಕಿಗಳಿಗೆ ಬಂತು. ಕನ್ನಡಕ್ಕೆ ಲೋಹಿತ್ ಕನ್ನಡ ಫಾಂಟು ದೊರೆಯಿತು, ಮುಂದೆ ‘ಗುಬ್ಬಿ’ಯೂ ಸೇರಿತು. ಎರಡೂ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಫಾಂಟುಗಳು.

ಹೌದೋ ಇಲ್ಲವೋ ಎಂಬ ಸಾಲು

ಈ ಎರಡೂ ವಿಸ್ತರಣೆಗಳ ಸಂಯೋಜನೆಯಲ್ಲಿ ತಲಾ ಒಂದು ಸಾಲು ಇತ್ತು. ಯಾರೂ ಏನನ್ನೂ ಮುಟ್ಟದಿದ್ದರೆ ಇದು ಚಾಲೂ ಇರಬೇಕೆ, ಬೇಡವೆ? ಉತ್ತರ ಹೌದು ಅಥವಾ ಇಲ್ಲ. ತಂತ್ರಜ್ಞರು ಇದಕ್ಕೆ ಡಿಫಾಲ್ಟ್ ಎನ್ನುತ್ತಾರೆ. ಎಕ್ಸ್‌ಪಿಯ ಚೌಕದ ಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿತ್ತು.

ನಾರಾಯಂ ವಿಷಯ ತೆಗೆದುಕೊಳ್ಳಿ. ಚಾಲೂ ಇದ್ದರೆ ಹೊಸಬರು ಬಂದ ಕೂಡಲೇ ಕನ್ನಡದಲ್ಲಿ ಹುಡುಕಬಹುದು, ಬರೆಯಬಹುದು. ಆದರೆ ತನ್ನ ಯಂತ್ರದಲ್ಲಿ ಆಗಲೇ ನುಡಿ ಅಥವಾ ಬರಹ ಹಾಕಿಕೊಂಡಿರುವ ಹಳಬರಿಗೆ ಎರಡು ತಂತ್ರಗಳು ಒಟ್ಟಿಗೆ ಬಂದು ಅಕ್ಷರ ಎರಡೆರಡು ಸಲ ಬದಲಾಗುವ ಕಿರಿಕಿರಿ. ಇಂಗ್ಲಿಷ್ ಕೊಂಡಿಯೊಂದನ್ನು ಹಾಕಲು ಹೋದವರ ಬೆರಳಿಗೆ ಕನ್ನಡ ಅಕ್ಷರ ಬಂದು ಕೂರುವ ಕಿರಿಕಿರಿ ಬೇರೆ. ಅದಕ್ಕೆಂದು ಕಂಟ್ರೋಲ್ ಕೀಲಿಯ ಜೊತೆ ‘ಎಂ’ ಒತ್ತಿದರೆ ಆನ್-ಆಫ್ ಆಗುವ ಏರ್ಪಾಡು ಇಟ್ಟಿದ್ದರು. ಯಾವ ಕೀಲಿಮಣೆ ಮೊದಲು ಬರಬೇಕು ಎಂಬುದೂ ಆಯ್ಕೆಯೇ. ಇಂಗ್ಲಿಷ್ ಉಚ್ಚಾರಣೆಯಂತೆ ಬರೆಯುವ ಲಿಪ್ಯಂತರಣ, ಸರ್ಕಾರಿ ಇನ್‌ಸ್ಕ್ರಿಪ್ಟ್, ಮತ್ತ್ಯಾವುದು?

ಟೈಪಿಂಗಿನ ಈ ಚರ್ಚೆಯೊಳಗೆ ಕನ್ನಡದ ಒಂದು ಒಳಗುಟ್ಟೂ ಇತ್ತು. ‘ಸಾಫ್ಟ್‌ವೇರ್’ ಎಂದು ಬರೆಯಬೇಕಾದರೆ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಇಲ್ಲದಿದ್ದರೆ ವ ಹೋಗಿ ಕೆಳಗೆ ಒತ್ತಾಗಿ ‘ಸಾಫ್ಟ್ವೇರ್’ ಆಗುತ್ತದೆ. ‘ರ‍್ಯಾಲಿ’ ಎಂದು ಬರೆಯಲು ಹೋದರೆ ಇನ್ನೊಂದು ಅಗೋಚರ ಸಂಕೇತ ಬೇಕು, ಇಲ್ಲದಿದ್ದರೆ ಅರ್ಕಾವೊತ್ತು ಬಂದು ‘ರ್ಯಾಲಿ’ ಆಗುತ್ತದೆ. ಮಾತಿನಲ್ಲಿ ವ್ಯತ್ಯಾಸವೇ ಇಲ್ಲ, ಬರಹದಲ್ಲಿ ಇದೆ. ಓದುವವನಿಗೆ ಎರಡೂ ಒಂದೇ ಅನ್ನಿಸಿದರೂ ಹುಡುಕುವ ಯಂತ್ರಕ್ಕೆ ಅವು ಎರಡು ಬೇರೆ ಪದಗಳಾಗಬಹುದು. ಇಂಗ್ಲಿಷಿನ ಯಾವ ವಿಸ್ತರಣೆಯೂ ಇಂಥ ಪ್ರಶ್ನೆ ಎದುರಿಸುವುದಿಲ್ಲ. ಕನ್ನಡ ಬಲ್ಲವರು ಕೂತು ಸಂಯೋಜಿಸಿದರೆ ಮಾತ್ರ ಇವು ಸರಿಯಾಗುತ್ತವೆ.

2013ರಲ್ಲಿ ಎರಡೂ ವಿಸ್ತರಣೆಗಳ ಕೆಲಸ ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಎಂಬ ಒಂದೇ ವಿಸ್ತರಣೆಗೆ ಸೇರಿತು. ಅದು ಬಳಸುವ ಟೈಪಿಂಗ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಹೋಗಿ ನೋಡಿದರೆ ಒಂದು ಆಯ್ಕೆ ಕಾಣುತ್ತದೆ: ಕೆಜಿಪಿ, ನುಡಿ, ಕೆ.ಪಿ. ರಾವ್ ಎಂಬ ಮೂರೂ ಹೆಸರುಗಳು ಓರೆಗೆರೆ ಹಾಕಿ ಒಟ್ಟಿಗೆ. ಕೊಲಾಬಾದಿಂದ ಹೊರಟ ಹಾದಿ ಜಗತ್ತಿನ ಯಾವ ಮೂಲೆಯ ಬ್ರೌಸರಿಗೂ ತಲುಪಿತ್ತು. ಇನ್‌ಸ್ಟಾಲ್ ಮಾಡಬೇಕಿಲ್ಲ, ಸಿ.ಡಿ. ಬೇಕಿಲ್ಲ.

ಫಾಂಟಿನ ಕಥೆ ಇಷ್ಟು ಸುಖವಾಗಿ ಮುಗಿಯಲಿಲ್ಲ. 2014ರ ಆರಂಭದಲ್ಲಿ ಪುಟಗಳು ನಿಧಾನವಾಗುತ್ತಿವೆ ಎಂಬ ಕಾರಣಕ್ಕೆ ಫಾಂಟ್ ಕಳಿಸುವುದನ್ನು ಡಿಫಾಲ್ಟ್ ಆಗಿ ನಿಲ್ಲಿಸಿದರು. ಬೇಕಾದವರು ಸೆಟ್ಟಿಂಗಿಗೆ ಹೋಗಿ ತಾವೇ ಚಾಲೂ ಮಾಡಿಕೊಳ್ಳಬಹುದು. ಮತ್ತೆ ಅದೇ ಚೌಕ, ಟಿಕ್ ಇಲ್ಲದೆ.

ನಿಲ್ಲಿಸಿದವರ ವಾದವನ್ನು ತಳ್ಳಿಹಾಕುವಂತಿಲ್ಲ. ಒತ್ತುಗಳು, ಕೂಡಕ್ಷರಗಳು, ಅವುಗಳ ನಿಯಮಗಳು ಸೇರಿ ಕನ್ನಡ ಫಾಂಟಿನ ಕಡತ ಇಂಗ್ಲಿಷ್ ಫಾಂಟಿಗಿಂತ ಸಾಮಾನ್ಯವಾಗಿ ದಪ್ಪ. ಮೊಬೈಲ್ ಡೇಟಾಕ್ಕೆ ದುಡ್ಡು ಎಣಿಸಿ ಕೊಡುತ್ತಿದ್ದ ಓದುಗನಿಗೆ, ತನ್ನ ಯಂತ್ರದಲ್ಲಿ ಫಾಂಟು ಇದ್ದರೂ ಇನ್ನೊಂದನ್ನು ಇಳಿಸಿಕೊಡುವುದು ಅನ್ಯಾಯವೇ. 2014ರ ಹೊತ್ತಿಗೆ ಪರಿಸ್ಥಿತಿಯೂ ಬದಲಾಗಿತ್ತು. ವಿಂಡೋಸ್ ವಿಸ್ತಾದಿಂದ ಈಚೆಗೆ ಎಕ್ಸ್‌ಪಿಯ ಆ ಚೌಕ ಮಾಯವಾಗಿ ಕನ್ನಡ ತಾನಾಗಿ ಕಾಣತೊಡಗಿತ್ತು. 2012ರ ಆಂಡ್ರಾಯ್ಡ್ 4.1 ಕನ್ನಡವನ್ನು ಒಳಗೆ ಸೇರಿಸಿಕೊಂಡಿತ್ತು. ಹೊಸ ಯಂತ್ರ ಇದ್ದವರಿಗೆ ಕಳಿಸಿದ ಫಾಂಟು ಬೇಕಿರಲಿಲ್ಲ. ಬೇಕಿದ್ದದ್ದು ಹಳೆಯ ಯಂತ್ರದವರಿಗೆ, ಅಗ್ಗದ ಫೋನಿನವರಿಗೆ. ಸೆಟ್ಟಿಂಗ್ ಎಲ್ಲಿದೆ ಎಂದು ಗೊತ್ತಿಲ್ಲದವರೂ ಬಹುಪಾಲು ಅವರೇ. ಅದನ್ನು ಹುಡುಕಬೇಕಾದರೆ ಮೊದಲು ಪುಟ ಓದಲು ಬರಬೇಕು, ಪುಟ ಓದಲು ಬರಬೇಕಾದರೆ ಸೆಟ್ಟಿಂಗ್ ಸಿಗಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ.

‘ಡಿಗ್ರಿ’ ಪದ್ಧತಿಯಲ್ಲಿ ಎರಕದವನ ಹೊರೆ ಜೋಡಿಸುವವನ ಹೆಗಲಿಗೆ ಹೋದಂತೆಯೇ ಇಲ್ಲೂ ಆಯಿತು. ಚಾಲೂ ಇಟ್ಟರೆ ಹೊರೆ ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಬೀಳುತ್ತದೆ. ಮುಚ್ಚಿಟ್ಟರೆ ಕೆಲವರ ಮೇಲೆ ಪೂರ್ತಿ ಬೀಳುತ್ತದೆ. ಬಿದ್ದವರ ದೂರು ಯಾರಿಗೂ ಕೇಳುವುದಿಲ್ಲ, ಚೌಕ ಕಂಡವರು ಪುಟ ಮುಚ್ಚಿ ಹೋಗಿರುತ್ತಾರೆ.

ತಮ್ಮ ಮತ್ತು ತುಳು

ಮುಂಬೈಯ ಕಥೆ ಅಲ್ಲಿಗೆ ನಿಂತಿಲ್ಲ. ನಗರದ ‘ಏಕ್ ಟೈಪ್’ ಎಂಬ ಅಕ್ಷರ ವಿನ್ಯಾಸಕಾರರ ತಂಡ ಭಾರತೀಯ ಲಿಪಿಗಳಿಗೆ ‘ಬಾಲೂ’ ಎಂಬ ದುಂಡುದುಂಡಗಿನ ಮುಕ್ತ ಫಾಂಟ್ ಕುಟುಂಬವನ್ನು ಮಾಡಿತು. ಒಂದೊಂದು ಲಿಪಿಯ ಬಾಲೂವಿಗೂ ಆಯಾ ಭಾಷೆಯಲ್ಲಿ ಅಣ್ಣತಮ್ಮಂದಿರನ್ನು ಕರೆಯುವ ಹೆಸರು. ಗುಜರಾತಿಗೆ ಬಾಲೂ ಭಾಯ್, ಬಂಗಾಳಿಗೆ ಬಾಲೂ ದಾ, ಮಲಯಾಳಕ್ಕೆ ಬಾಲೂ ಚೇಟ್ಟನ್, ಕನ್ನಡಕ್ಕೆ ಬಾಲೂ ತಮ್ಮ. ಅಂಗಡಿಯ ಫಲಕದಲ್ಲಿ, ಮದುವೆಯ ಕಾಗದದಲ್ಲಿ, ಮೊಬೈಲ್ ಪರದೆಯಲ್ಲಿ ಈ ತಮ್ಮನನ್ನು ಹೆಸರು ಗೊತ್ತಿಲ್ಲದೆಯೇ ನೋಡಿದವರು ಅನೇಕರು. ಅದೇ ತಂಡದ ‘ಅನೇಕ್’ ಫಾಂಟ್ ಕುಟುಂಬದಲ್ಲಿ ಕನ್ನಡದ ಭಾಗವನ್ನು ವಿನ್ಯಾಸ ಮಾಡಿದವರು ವೈಷ್ಣವಿ ಮೂರ್ತಿ.

ಅವರ ಹೆಸರು ಇನ್ನೊಂದು ಕಡೆಯೂ ಬರುತ್ತದೆ. ತುಳು–ತಿಗಳಾರಿ ಲಿಪಿಯನ್ನು ಯೂನಿಕೋಡಿಗೆ ಸೇರಿಸಬೇಕೆಂದು ಪ್ರಸ್ತಾವ ಬರೆದವರಲ್ಲಿ ಅವರೂ ಒಬ್ಬರು. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ಆ ಲಿಪಿಗೆ ಸ್ಥಾನ ಸಿಕ್ಕಿತು. ತುಳು ವಿಕಿಪೀಡಿಯ 2016ರಿಂದ ಇದೆ. ಅದು ಕನ್ನಡ ಲಿಪಿಯಲ್ಲಿರುವುದರಿಂದ ಕನ್ನಡದ ಫಾಂಟು, ಕನ್ನಡದ ಕೀಲಿಮಣೆ, ಕನ್ನಡಕ್ಕೆಂದು ಮಾಡಿದ ವಿಸ್ತರಣೆಗಳ ಸಂಯೋಜನೆ ಅದಕ್ಕೂ ಒದಗಿದವು. ಕನ್ನಡಕ್ಕಾಗಿ ಪಟ್ಟ ಪಾಡು ಇನ್ನೊಂದು ಭಾಷೆಗೆ ನೆರಳಾಯಿತು.

ಆದರೆ ತುಳು–ತಿಗಳಾರಿಗೆ ಈಗ ಕೋಷ್ಟಕದಲ್ಲಿ ಮನೆ ಸಿಕ್ಕಿದೆ ಅಷ್ಟೇ. ಆ ಲಿಪಿಯ ಒಂದು ಪದವನ್ನು ಯಾರಾದರೂ ಮುಂಬೈಯಲ್ಲಿರುವ ತುಳು ಬಂಧುವಿಗೆ ಇಂದು ಕಳಿಸಿದರೆ, ಅದರ ಫಾಂಟು ಇಲ್ಲದ ಫೋನಿನಲ್ಲಿ ಕಾಣುವುದು ಖಾಲಿ ಚೌಕಗಳು. ಅಕ್ಷರ ರೂಪಿಸುವವರು ಬರುತ್ತಾರೆ, ನಿಯಮ ಬರೆಯುವವರು ಬರುತ್ತಾರೆ. ಒಂದು ದಿನ ಯಾವುದೋ ಕಡತದಲ್ಲಿ ಹೌದೋ ಇಲ್ಲವೋ ಎಂಬ ಸಾಲೂ ಬರುತ್ತದೆ. ಎಕ್ಸ್‌ಪಿಯ ಕಾಲದಲ್ಲಿ ಕನ್ನಡಿಗರನ್ನು ಯಾರೂ ಕೇಳದೆ ಆ ಸಾಲು ಬರೆದಿದ್ದರು. ವಿಕಿಗಳ ಕಾಲದಲ್ಲಿ ಕೇಳುವ ಕ್ರಮವಾದರೂ ಇತ್ತು. ಮುಂದಿನ ಸಲ ಚರ್ಚೆಯ ಪುಟ ತೆರೆದಾಗ ಅಲ್ಲಿ ನಾಲ್ಕು ಜನ ಹೆಚ್ಚಾಗಿ ಬಂದು ಹೇಳಿದರೆ, ಚೌಕಕ್ಕೆ ಟಿಕ್ ಮೊದಲೇ ಬಿದ್ದಿರಬಹುದು.